ನನ್ನ ಹಳದಿ ಪರದೆಯನ್ನು ಮುಟ್ಟಿದವರು

ಇನ್ನೊಬ್ಬರ ಅಡುಗೆಮನೆಗೆ ಹೋದವರು ಸಾಸಿವೆ ಡಬ್ಬಿಯನ್ನು ಎತ್ತಿ ಬೇರೆ ಗೂಡಿನಲ್ಲಿ ಇಟ್ಟು ಬರುವುದಿಲ್ಲ. ಇನ್ನೊಬ್ಬರ ಕನ್ನಡಕಕ್ಕೆ ತಮಗೆ ಚಂದ ಕಂಡ ಗಾಜು ಹಾಕಿಸುವುದಿಲ್ಲ. ಆದರೆ ಇನ್ನೊಬ್ಬರ ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ಎಲ್ಲರ ಕೈಯೂ ತುರಿಸುತ್ತದೆ. ಕೊಳ್ಳೇಗಾಲದಲ್ಲಿ ನನ್ನ ಅಂಗಡಿಗೆ ಕಂಪ್ಯೂಟರ್ ಬಂದ ದಿನದಿಂದ ಇದು ನಡೆಯುತ್ತಲೇ ಇದೆ, ನಿಲ್ಲುವ ಲಕ್ಷಣವೂ ಕಾಣುವುದಿಲ್ಲ. ಓದಿ ನಗುವವರು ನಗಲಿ. ನನಗೆ ಬರೆಯುವಾಗಲೂ ಸಿಟ್ಟೇ ಬರುತ್ತಿದೆ.

ನಾನು ಹುಟ್ಟಿದ್ದು ಗದಗಿನ ಕಡೆ. ಮದುವೆಯಾಗಿ ಇಲ್ಲಿಗೆ ಬಂದು, ಬಸ್ ಸ್ಟ್ಯಾಂಡ್ ಹತ್ತಿರ ಟೈಪಿಂಗ್ ಕಲಿಸುತ್ತಾ ಮುದುಕಿಯಾದೆ. ಟೈಪ್‌ರೈಟರ್‌ಗಳ ಕಾಲ ಮುಗಿದ ಮೇಲೆ ಅದೇ ಜಾಗದಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪ್ ಮಾಡಿಕೊಡುತ್ತೇನೆ. ಊರಿನವರಿಗೆ ನಾನು ಟೈಪಿಂಗಮ್ಮ. ಮಾತು ಪೂರ್ತಿ ಇಲ್ಲಿಯದೇ ಆಗಿದೆ. ಸಿಟ್ಟು ಬಂದಾಗ ಮಾತ್ರ ಗದಗು ಬಾಯಿಗೆ ಬರುತ್ತದೆ. ಹಾಗಾಗಿ ಗದಗಿನ ಮಾತು ಮರೆಯುವ ಭಯ ನನಗಿಲ್ಲ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಒಂದು ತೊಂದರೆ ಶುರುವಾಯಿತು. ಬಿಳಿ ಪರದೆ ನೋಡಿದರೆ ಮಧ್ಯಾಹ್ನದ ಬಿಸಿಲಲ್ಲಿ ತಗಡಿನ ಮಾಡು ನೋಡಿದಂತೆ ಕಣ್ಣಿಗೆ ಚುಚ್ಚುತ್ತದೆ. ನನ್ನ ಕಂಪ್ಯೂಟರಿಗೆ ಲಿನಕ್ಸ್, ಅಂದರೆ ಅದನ್ನು ನಡೆಸುವ ಪುಕ್ಕಟೆ ತಂತ್ರಾಂಶ, ಹಾಕಿಕೊಟ್ಟವರು ಯಳಂದೂರಿನ ಮೇಷ್ಟ್ರು, ಕಾಲೇಜಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಅವರೇ ನನ್ನ ಕಣ್ಣಿಗೆಂದು ಒಂದು ಥೀಮ್ ಹುಡುಕಿದರು. ಥೀಮ್ ಅಂದರೆ ಪರದೆಗೆ ಉಡಿಸುವ ಬಟ್ಟೆ. ಬಣ್ಣ, ಅಕ್ಷರದ ದಪ್ಪ, ಗುಂಡಿಗಳ ಆಕಾರ, ಎಲ್ಲ ಒಟ್ಟಿಗೆ ಬದಲಾಗುತ್ತದೆ. ನನ್ನದು ತಿಳಿ ಹಳದಿ ಹಾಳೆ, ದಪ್ಪ ಕಪ್ಪು ಅಕ್ಷರ. ಅದಿದ್ದರೆ ನಾನು ಯಾರಿಗೂ ಕಡಿಮೆಯಿಲ್ಲದಂತೆ ಟೈಪ್ ಮಾಡುತ್ತೇನೆ. ಇಲ್ಲದಿದ್ದರೆ ಕುರುಡಿ.

ಅಂಗಡಿ ಇರುವ ಕಟ್ಟಡ ನಮ್ಮ ಮೈದುನನ ಮಗನದು. ಪಕ್ಕದಲ್ಲೇ ಅವನ ಗೊಬ್ಬರದಂಗಡಿ. ನನ್ನ ಜಾಗದಲ್ಲಿ ಮೊಬೈಲ್ ಕವರ್ ಅಂಗಡಿ ಹಾಕಬೇಕೆಂದು ಅವನಿಗೆ ಬಹಳ ಆಸೆ. ಕೆಟ್ಟವನಲ್ಲ. "ದೊಡ್ಡಮ್ಮ, ನಿಮಗೆ ಕಣ್ಣು ಕಾಣೋವರೆಗೂ ಕೂತ್ಕೊಳಿ. ಕಾಣದೇ ಹೋದ ದಿನ ನನಗೆ ಬಿಟ್ಟುಕೊಡಿ" ಎಂದಿದ್ದಾನೆ. ನಾನೂ ಒಪ್ಪಿದ್ದೇನೆ. ಅಂದರೆ ಹಳದಿ ಪರದೆ ಹೋದರೆ ಅಂಗಡಿಯೂ ಹೋದಂತೆ. ಇದು ಊರಿಗೆಲ್ಲ ಗೊತ್ತು. ಆದರೂ ಮುಟ್ಟುತ್ತಾರೆ.

೧. ಕಾಣದ ಜಾಗ

ಮೊದಲ ಸಲ ಥೀಮ್ ಹಾಕಿದ್ದು ಫೋನಿನಲ್ಲಿ ಕೇಳಿಕೊಂಡು. ಮೇಷ್ಟ್ರು ಅದನ್ನು ಗಂಟು ಕಟ್ಟಿ ನನಗೆ ಮೇಲ್ ಮಾಡಿ, ಯಳಂದೂರಿನಲ್ಲಿ ಕೂತು ಹೇಳುತ್ತಿದ್ದರು. ನಾನು ಸ್ಪೀಕರ್ ಹಾಕಿಕೊಂಡು ಕೇಳುತ್ತಿದ್ದೆ. ಬೆಂಚಿನ ಮೇಲೆ ಧನಗೆರೆಯ ರೈತರೊಬ್ಬರು ತಮ್ಮ ಅರ್ಜಿಗಾಗಿ ಕಾಯುತ್ತಿದ್ದರು.

"ಈಗ ಅದನ್ನ ಬಿಚ್ಚಿ, ಥೀಮ್ಸ್ ಅನ್ನೋ ಫೋಲ್ಡರ್‌ಗೆ ಹಾಕಿ" ಎಂದರು ಮೇಷ್ಟ್ರು.

"ಅದು ಎಲ್ಲಿದೆ?"

"ನಿಮ್ಮ ಎದುರಿಗೇ ಇದೆ. ಆದರೆ ಕಾಣಲ್ಲ."

"ಎದುರಿಗಿದ್ದರೆ ಯಾಕೆ ಕಾಣಲ್ಲ? ನನ್ನ ಕಣ್ಣಿನ ದೋಷವಾ?"

"ಅಲ್ಲ ಅಮ್ಮ. ಹೆಸರಿನ ಮುಂದೆ ಚುಕ್ಕಿ ಇಟ್ಟ ಫೋಲ್ಡರ್ ಯಾರಿಗೂ ಕಾಣಲ್ಲ. ಇದರಲ್ಲಿ ಹಾಗೇ. ಲಿನಕ್ಸ್ ಅಂದರೆ ಸ್ವಾತಂತ್ರ್ಯ. ನೀವೇ ಯಜಮಾನರು."

"ನನ್ನ ಮನ್ಯಾಗಿನ ಸಾಮಾನು ನನಗ ಕಾಣಂಗಿಲ್ಲ ಅಂದ್ರ, ನಾ ಎಂಥಾ ಯಜಮಾನಿರೀ?" ಗದಗು ಹೊರಗೆ ಬಂತು.

ಅವರು ಕಂಟ್ರೋಲ್ ಜೊತೆ ಎಚ್ ಒತ್ತಿ ಎಂದರು. ಒತ್ತಿದೆ. ಖಾಲಿಯಿದ್ದ ಜಾಗದಲ್ಲಿ ಹೊತ್ತಿಲ್ಲದ ಹೊತ್ತಿಗೆ ನೆಂಟರು ಬಂದಂತೆ ಸಾಲು ಸಾಲು ಫೋಲ್ಡರ್ ಎದ್ದು ನಿಂತವು. ಇಷ್ಟು ವರ್ಷ ಇವರೆಲ್ಲ ನನಗೆ ಒಂದು ಮಾತೂ ಹೇಳದೆ ನನ್ನ ಕಂಪ್ಯೂಟರಿನಲ್ಲಿ ವಾಸವಿದ್ದರು ಎಂದು ಮೈಯೆಲ್ಲ ಉರಿಯಿತು. ಅಂತೂ ಥೀಮ್ಸ್ ಸಿಕ್ಕಿತು, ಗಂಟು ಬಿಚ್ಚಿ ಅದರೊಳಗೆ ಹಾಕಿ, ಅವರು ಹೇಳಿದಲ್ಲಿ ಒತ್ತಿ ಅದನ್ನು ಆರಿಸಿದೆ. ಮೇಷ್ಟ್ರು ಮತ್ತೆ ಕಂಟ್ರೋಲ್ ಎಚ್ ಒತ್ತಿ ಎಂದರು. ಎಲ್ಲ ಮಾಯ. ಪರದೆ ಮಾತ್ರ ಹಳದಿಯಾಗಿ ನಿಂತಿತ್ತು.

ಬೆಂಚಿನ ಮೇಲಿದ್ದ ಧನಗೆರೆಯವರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: "ನೀವ್ಯಾಕವ್ವ ರೇಗಾಡ್ತೀರಿ. ನಮ್ಮನೇಲೂ ಇಂಗೇಯ. ಬೆಲ್ಲ ಎಲ್ಲದೆ ಅಂತ ಇಡೀ ಮನೆ ಹುಡುಕಿದ್ರೂ ನಂಗೆ ಕಾಣಾಕಿಲ್ಲ. ನಮ್ಮಾಕೆ ಬಂದು ಕೈ ಇಕ್ಕುದ್ರೆ ಅಲ್ಲೇ ಇರ್ತದೆ. ಈ ಲಿನಕ್ಸ್‌ನ ಯಾರೋ ಎಂಗಸ್ರೇ ಮಾಡಿರ್ಬೇಕು ಕಣವ್ವ."

೨. ಕಪ್ಪು ಲಗ್ನಪತ್ರಿಕೆ

ಮೇಷ್ಟ್ರಿಗೆ ಒಂದು ಚಟವಿದೆ. ಒಂದು ಥೀಮ್ ಸರಿಯಾಗಿ ಕೂತರೆ ಅವರಿಗೆ ನಿದ್ದೆ ಬರುವುದಿಲ್ಲ, ಅದಕ್ಕಿಂತ ಚೆನ್ನಾಗಿರುವುದನ್ನು ಹುಡುಕುತ್ತಾರೆ. ಒಂದು ದಿನ ಕೊಳ್ಳೇಗಾಲಕ್ಕೆ ಬಂದವರು ಅಂಗಡಿಯಲ್ಲಿ ಕೂತರು. ಮುಳ್ಳೂರಿನವರೊಬ್ಬರ ಮಗನ ಲಗ್ನಪತ್ರಿಕೆ ಟೈಪ್ ಮಾಡಿಟ್ಟಿದ್ದೆ, ಅವರು ನೋಡಲು ಬರುವವರಿದ್ದರು. ನಾನು ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಪರದೆ ಪೂರ್ತಿ ಕಪ್ಪು. ಕಪ್ಪಿನ ಮೇಲೆ ಬೂದಿ ಬಣ್ಣದ ಸಣ್ಣ ಅಕ್ಷರ.

"ಡಾರ್ಕ್ ಥೀಮ್ ಅಮ್ಮ. ಈಗ ಎಲ್ಲರೂ ಇದನ್ನೇ ಹಾಕೋದು. ಕಣ್ಣಿಗೆ ಎಷ್ಟು ತಂಪು ನೋಡಿ" ಎಂದರು ಮೇಷ್ಟ್ರು.

"ಕಣ್ಣ ಮುಚ್ಚಿಕೊಂಡ್ರ ಇನ್ನೂ ತಂಪರೀ. ತಗೀರಿ ಅದನ್ನ."

ತೆಗೆಯುವ ಮೊದಲೇ ಮುಳ್ಳೂರಿನ ಗಂಡ ಹೆಂಡತಿ ಒಳಗೆ ಬಂದರು. ಗಂಡಿನ ತಂದೆ ಪರದೆ ನೋಡಿದರು. ಮಗನ ಹೆಸರು, ಸೊಸೆಯ ಹೆಸರು, ಮುಹೂರ್ತ, ಎಲ್ಲ ಕತ್ತಲಲ್ಲಿ.

"ಏನವ್ವ ಇದು? ಮದ್ವೆ ಅಂತ ಏಳಿದ್ದು ನಾನು. ತಿಥಿ ಕಾರ್ಡ್ ಮಾಡಿದ್ದೀಯಲ್ಲ" ಎಂದರು.

"ಅದು ಪರದೆಯ ಬಣ್ಣ ಅಷ್ಟೇ. ಪ್ರಿಂಟ್ ಚೆನ್ನಾಗೇ ಬರುತ್ತೆ. ಕಾರ್ಡು ಅರಿಶಿನದ ಬಣ್ಣದ್ದೇ" ಎಂದೆ.

"ಮದ್ಲು ಕಪ್ಪಲ್ಲಿ ಬರೆದು ಆಮ್ಯಾಕೆ ಅರಿಶಿನ ಬಳಿಯಾದು ಯಾವ ಸೀಮೆ ಶಾಸ್ತ್ರ?"

ಮೇಷ್ಟ್ರು ಸುಮ್ಮನಿರಬೇಕಿತ್ತು. ಇರಲಿಲ್ಲ. ಕಪ್ಪು ಬಣ್ಣದಲ್ಲಿ ವಿದ್ಯುತ್ ಉಳಿಯುತ್ತದೆ, ಕಪ್ಪು ಅಶುಭ ಎನ್ನುವುದು ಮೂಢನಂಬಿಕೆ, ಬೆಳಕಿನ ಗುಣವೇ ಹೀಗೆ ಎಂದು ಪಾಠ ಶುರು ಮಾಡಿದರು. ಗಂಡಿನ ತಾಯಿ ಅಷ್ಟನ್ನೂ ಕೇಳಿ, "ಸಾ, ನಿಮ್ಮ ಮಗಳ ಮದ್ವೇಲಿ ಮಾವಿನ ಸೊಪ್ಪಿಗೂ ಕಪ್ಪು ಬಳ್ದಿದ್ರಾ?" ಎಂದರು. ಮೇಷ್ಟ್ರು ಕಾಫಿ ಕುಡಿಯತೊಡಗಿದರು.

ಇಬ್ಬರೂ ಎದ್ದು ಹೊರಟೇಬಿಟ್ಟರು. ಪಕ್ಕದ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ನಮ್ಮ ಮೈದುನನ ಮಗ ಅವರು ಹೋಗುವುದನ್ನು ನೋಡಿ, "ಯಾಕೆ ದೊಡ್ಡಮ್ಮ, ಕಣ್ಣು ಕಾಣ್ಲಿಲ್ವಾ?" ಎಂದು ಬಹಳ ಮೃದುವಾಗಿ ಕೇಳಿದ. ಅವನ ಆ ಮೃದುತ್ವ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಷ್ಟರಲ್ಲಿ ಗಂಡಿನ ತಾಯಿ ಒಬ್ಬರೇ ವಾಪಸ್ ಬಂದರು. ಮನಸ್ಸು ಬದಲಾಯಿತು ಎಂದುಕೊಂಡೆ. ಅವರು ಗಂಡನಿಗೆ ಕೇಳದಂತೆ ಬಗ್ಗಿ, "ಅವ್ವ, ಇದ ಅಳಿಸ್ಬುಡ್ಬ್ಯಾಡಿ. ಬರೋ ತಿಂಗ್ಳು ನಮ್ಮತ್ತೆ ವರ್ಷದ ತಿಥಿ ಅದೆ. ಅದುಕ್ಕೆ ಇಂಗೇ ಇರ್ಲಿ, ಚಂದಾಗದೆ" ಎಂದು ಹೇಳಿ ಹೋದರು.

೩. ಕಳುವಾದ ಡ್ರೈವ್

ಹಳದಿ ಮತ್ತೆ ಬಂತು. ಆದರೆ ಈ ಸಲ ಗಿರಾಕಿಗಳ ಕಾಟ. "ಇದೇನವ್ವ, ಬೇರೆ ಕಡೆ ಇದ್ದಂಗಿಲ್ಲ. ಒರಿಜಿನಲ್ ಅಲ್ವಾ?" ಎಂದು ಅನುಮಾನದಿಂದ ನೋಡುತ್ತಿದ್ದರು. ಮೇಷ್ಟ್ರು ತಾವು ಮಾಡಿದ ತಪ್ಪಿಗೆ ಪರಿಹಾರವೆಂದು ಇನ್ನೊಂದು ಥೀಮ್ ತಂದರು. ಒಳಗೆ ಲಿನಕ್ಸೇ, ಹಾಳೆ ಹಳದಿಯೇ. ಆದರೆ ಕೆಳಗಿನ ಪಟ್ಟಿ, ಮೂಲೆಯ ಗುಂಡಿ, ಚಿತ್ರಗಳು, ಎಲ್ಲವೂ ಊರಿನ ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದಲ್ಲ ಆ ಇನ್ನೊಂದರ ಥರ. ಗಿರಾಕಿಗಳಿಗೆ ಸಮಾಧಾನವಾಯಿತು. ನನಗೂ.

ಆಮೇಲೆ ಪ್ರಿಂಟರ್ ನಿಂತಿತು. ಹನೂರಿನಿಂದ ರಿಪೇರಿಯವರು ಬಂದರು. ನಾನು ಊಟಕ್ಕೆ ಹೋಗಿದ್ದೆ, ನಮ್ಮ ಮೈದುನನ ಮಗ ಬೀಗ ತೆಗೆದುಕೊಟ್ಟಿದ್ದ. ಊಟ ಮುಗಿಸಿ ಬರುವಾಗ ಅಂಗಡಿಯ ಮುಂದೆ ಜನ ಸೇರಿದ್ದರು. ರಿಪೇರಿಯವರು ಬೆವರು ಒರೆಸಿಕೊಳ್ಳುತ್ತಿದ್ದರು.

"ಅವ್ವ, ಗಾಬ್ರಿ ಆಗ್ಬೇಡಿ. ನಿಮ್ಮ ಸಿ ಡ್ರೈವ್ ಇಲ್ಲ" ಎಂದರು.

"ಇಲ್ಲ ಅಂದರೆ?"

"ಎಲ್ಲಾ ಕಡೆ ನೋಡ್ದೆ. ಡಿ ಡ್ರೈವೂ ಇಲ್ಲ. ಯಾರೋ ತಕಂಡೋಗವ್ರೆ."

ನಮ್ಮ ಮೈದುನನ ಮಗ ಆಗಲೇ ವಿಚಾರಣೆ ಶುರು ಮಾಡಿದ್ದ. ನಿನ್ನೆ ಯಾರು ಬಂದಿದ್ದರು, ಹಿಂದಿನ ಕಿಟಕಿಗೆ ಚಿಲಕ ಇತ್ತಾ ಎಂದೆಲ್ಲ. ಎದುರಿನ ಟೀ ಅಂಗಡಿಯವರು ಗಾಜಿನ ಲೋಟ ಕೈಯಲ್ಲೇ ಹಿಡಿದು, "ನಾನು ಒಳಕ್ಕೆ ಕಾಲಿಟ್ಟಿಲ್ಲ ಸಾ, ಬಾಗ್ಲಲ್ಲೇ ಟೀ ಕೊಟ್ಟಿವ್ನಿ" ಎಂದು ಎಲ್ಲರಿಗೂ ಹೇಳುತ್ತಿದ್ದರು.

"ಅದು ಲಿನಕ್ಸ್ ಕಣ್ರೀ. ಅದರಲ್ಲಿ ಫೈಲ್ ಇಡೋ ಜಾಗಕ್ಕೆ ಸಿ ಡ್ರೈವ್, ಡಿ ಡ್ರೈವ್ ಅನ್ನೋ ಹೆಸರೇ ಇರಲ್ಲ. ಮೇಲೆ ಹಾಕಿರೋದು ಬರೀ ವೇಷ" ಎಂದೆ.

ರಿಪೇರಿಯವರಿಗೆ ಅವಮಾನವಾಯಿತು. "ಮದ್ಲೇ ಏಳ್ಬೇಕಲ್ವಾ ಅವ್ವ. ನಾನು ರೋಗ ನೋಡಾಕೆ ಬಂದೋನು, ನಾಟ್ಕ ನೋಡಾಕಲ್ಲ" ಎಂದು ಚೀಲ ತೆಗೆದುಕೊಂಡು ಬಸ್ಸಿಗೆ ಹೊರಟರು. ಹುಡುಕುವ ಭರದಲ್ಲಿ ವೇಷವನ್ನೂ ಕಿತ್ತುಹಾಕಿದ್ದರು, ಅದರ ಜೊತೆ ನನ್ನ ಹಳದಿಯನ್ನೂ. ಪ್ರಿಂಟರಿನ ವೈರು ಸಡಿಲವಾಗಿತ್ತು, ನಾನೇ ಒತ್ತಿದೆ. ಮೇಷ್ಟ್ರು ಬಂದು ಸರಿಮಾಡುವವರೆಗೂ ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದ ಕಪ್ಪು ಕನ್ನಡಕ ಹಾಕಿಕೊಂಡು ಟೈಪ್ ಮಾಡಿದೆ. ಟೈಪಿಂಗಮ್ಮ ಸಿನಿಮಾಕ್ಕೆ ಸೇರಿದ್ದಾರಾ ಎಂದು ಕೇಳಿದವರೂ ಉಂಟು.

ಸ್ವಲ್ಪ ದಿನದ ಮೇಲೆ ಹನೂರಿಗೆ ಹೋಗಬೇಕಾಗಿ ಬಂತು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ನನ್ನ ಗುರುತು ಹಿಡಿದು, ಬಹಳ ಕನಿಕರದಿಂದ ಕೇಳಿದರು: "ನಿಮ್ಮ ಅಂಗ್ಡೀಲಿ ಕಳ್ತನ ಆಯ್ತಂತಲ್ಲವ್ವ. ಟಿವಿ ಅಂಗೇ ಬುಟ್ಟು ಒಳಗಿನ ಡ್ರೈವ್ ಮಾತ್ರ ತಕಂಡೋಗವ್ನಂತಲ್ಲ. ಎಂಥಾ ಪೆದ್ದು ಕಳ್ಳ ಅವನು."

೪. ಹಸಿರು ಬೊಟ್ಟು

ಇದು ಚಿಕ್ಕದು, ಆದರೆ ಸಿಟ್ಟು ಚಿಕ್ಕದಲ್ಲ.

ಆಯುಧಪೂಜೆಯ ಹಿಂದಿನ ವಾರ ಮೇಷ್ಟ್ರು ಮತ್ತೆ ಬಂದು, ಬೇಡವೆಂದರೂ ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿಗಳ ಅಂಚು ಬದಲಿಸಿದರು. ಮೊದಲು ಬಲಗಡೆ ಮೂಲೆಯಲ್ಲಿ ದೊಡ್ಡ ಇಂಟು ಗುರುತು ಇತ್ತು, ಒತ್ತಿದರೆ ಮುಚ್ಚಿಕೊಳ್ಳುತ್ತಿತ್ತು. ಈಗ ಎಡಗಡೆ ಮೂಲೆಯಲ್ಲಿ ಮೂರು ಸಣ್ಣ ಬೊಟ್ಟು. ಒಂದು ಕೆಂಪು, ಒಂದು ಹಳದಿ, ಒಂದು ಹಸಿರು. ಯಾವುದಕ್ಕೂ ಗುರುತಿಲ್ಲ. ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂದು ಕೇಳಿದರೆ, "ಒತ್ತಿ ನೋಡಿ, ಗೊತ್ತಾಗುತ್ತೆ" ಎಂದರು. ಕರೆಂಟಿನ ಕೆಲಸದವರು ಹೀಗೆ ಹೇಳಿದರೆ ಇವರು ಸುಮ್ಮನಿರುತ್ತಿದ್ದರಾ?

ಪೂಜೆ ದಿನ ಪ್ರಿಂಟರಿಗೆ, ಕೀಬೋರ್ಡಿಗೆ, ಮಾನಿಟರಿಗೆ ಎಲ್ಲಕ್ಕೂ ವಿಭೂತಿ ಹಚ್ಚಿ ಅರಿಶಿನ ಕುಂಕುಮ ಇಟ್ಟೆ. ಮಾರನೆಯ ದಿನ ಕಸ ಗುಡಿಸುವ ಹೆಂಗಸಿಗೆ, ಎಲ್ಲ ಒರೆಸು ಎಂದು ಹೇಳಿ ನೀರು ಹಿಡಿಯಲು ಹಿಂದೆ ಹೋದೆ. ಬಂದು ನೋಡುತ್ತೇನೆ, ಅವಳು ಒಂದು ಕೈಯಲ್ಲಿ ಮಾನಿಟರಿನ ಕತ್ತು ಹಿಡಿದು, ಇನ್ನೊಂದು ಕೈಯಲ್ಲಿ ಸೋಪಿನ ಪುಡಿ ಹಾಕಿದ ತೆಂಗಿನ ನಾರಿನಿಂದ ಪರದೆಯ ಎಡ ಮೂಲೆಯನ್ನು ಪಾತ್ರೆ ಉಜ್ಜಿದಂತೆ ಉಜ್ಜುತ್ತಿದ್ದಾಳೆ. ನೀರು ಕೀಬೋರ್ಡಿಗೆ ಇಳಿಯುತ್ತಿದೆ.

"ಏನ್ ಮಾಡಾಕತ್ತೀಯವಾ?" ಎಂದೆ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ.

ಅವಳು ತಿರುಗಿದಳು. ಹಣೆಯ ಮೇಲೆ ಬೆವರು. ನನಗಿಂತ ಹೆಚ್ಚು ಸಿಟ್ಟು ಅವಳಿಗೇ ಬಂದಿತ್ತು.

"ಈ ಕುಂಕ್ಮ ಓಯ್ತಾನೇ ಇಲ್ಲ, ಅರಿಶ್ಣನೂ ಓಯ್ತಾನೇ ಇಲ್ಲ ಕಣವ್ವ. ಅದಾರ ಓಗ್ಲಿ. ಆ ಹಸುರುದು ಯಾವ ದೇವ್ರುದು ಮಡಗಿದ್ದೀರಿ?"

೫. ಬೆಟ್ಟದ ಕಸ

ಆ ದಿನ ನಮ್ಮ ಮೈದುನನ ಮಗ ಒದ್ದೆ ಕೀಬೋರ್ಡನ್ನು ಬಿಸಿಲಿಗೆ ಇಡಲು ಸಹಾಯ ಮಾಡುತ್ತಾ, "ದೊಡ್ಡಮ್ಮ, ಪರದೆ ಪದೇ ಪದೇ ಹೀಗಾಗ್ತಿದ್ರೆ ನೀವಾದ್ರೂ ಏನ್ ಮಾಡ್ತೀರಿ. ಇನ್ನೊಂದು ಸಲ ಆದ್ರೆ ಬಿಟ್ಟುಬಿಡಿ" ಎಂದ. ಇನ್ನೊಂದು ಸಲ ಆಗದಂತೆ ನೋಡಿಕೊಳ್ಳಬೇಕಾಯಿತು.

ಉಪಾಯ ಹೊಳೆದದ್ದು ಗೋಡೆಯಿಂದ. ನಮ್ಮ ಅಂಗಡಿಯ ಹಿಂದಿನ ಗೋಡೆಗೆ ಗಂಡಸರು ಬಂದು ನಿಲ್ಲುತ್ತಿದ್ದರು. ಬೋರ್ಡು ಬರೆಸಿದೆ, ಬೈದೆ, ಏನೂ ಆಗಲಿಲ್ಲ. ಕೊನೆಗೆ ದೇವರ ಚಿತ್ರವಿರುವ ಟೈಲ್ಸ್ ಅಂಟಿಸಿದೆ. ಮಾರನೆಯ ದಿನದಿಂದ ಒಬ್ಬರೂ ನಿಲ್ಲಲಿಲ್ಲ. ಗೋಡೆಗೆ ಆಗುವುದು ಪರದೆಗೆ ಯಾಕಾಗಬಾರದು?

ಮೂರು ಬೊಟ್ಟು ತೆಗೆಸಿ, ನನ್ನ ಹಳದಿ ಥೀಮನ್ನು ಮೊದಲಿನಂತೆ ಹಾಕಿಸಿಕೊಂಡೆ. ಅದರ ಹಿಂದೆ, ಏನೂ ತೆರೆಯದಿದ್ದಾಗ ಕಾಣುವ ಜಾಗದಲ್ಲಿ, ಈ ಸೀಮೆಯ ಬೆಟ್ಟದ ದೇವರು, ಹುಲಿಯ ಮೇಲೆ ಕೂತ ಮಾದಪ್ಪನ ದೊಡ್ಡ ಚಿತ್ರ ಹಾಕಿದೆ. ಸುತ್ತಲೂ ಬೆಟ್ಟಗಳು, ಹಿಂದೆ ಗುಡಿಯ ಗೋಪುರ. ಅಂದಿನಿಂದ ಯಾರೂ ಮೌಸ್ ಮುಟ್ಟಲಿಲ್ಲ. ದೇವರಿಲ್ಲ ಎಂದು ಭಾಷಣ ಮಾಡುವ ಮೇಷ್ಟ್ರು ಕೂಡ ಕೈ ಚಾಚಿ, ಚಿತ್ರ ನೋಡಿ, ಕೈ ಹಿಂದೆ ತೆಗೆದುಕೊಂಡು, "ಇರಲಿ ಬಿಡಿ, ಬಣ್ಣ ಹೊಂದಿಕೊಂಡಿದೆ" ಎಂದರು.

ಆದರೆ ಹನೂರಿನ ರಿಪೇರಿಯವರು ಒಂದು ದಿನ ಬಾಗಿಲಲ್ಲೇ ನಿಂತುಬಿಟ್ಟರು.

"ಅವ್ವ, ಮಾದಪ್ಪನ ಹುಲಿ ತಲೆ ಮ್ಯಾಲೆ ಕಸದ ಬುಟ್ಟಿ ಮಡಗಿದ್ದೀರಲ್ಲ."

ಹೌದು, ಬೇಡದ ಫೈಲು ಹಾಕುವ ಬುಟ್ಟಿಯ ಚಿತ್ರ ಅಲ್ಲಿತ್ತು. ಕೆಳಕ್ಕೆ ಎಳೆದೆ.

"ಪಾದದ ತಾವ್ಲಾ?"

ಬಲಕ್ಕೆ ಎಳೆದೆ. "ಅದು ತ್ರಿಶೂಲದ ಕಡೆ." ಮೇಲಕ್ಕೆ ಎಳೆದೆ. "ಗೋಪುರದ ಮ್ಯಾಲೆ ಇಕ್ಕುದ್ರಲ್ಲ." ಕೊನೆಗೆ ತೀರಾ ಎಡ ಮೂಲೆಗೆ, ಬರೀ ಬೆಟ್ಟವಿದ್ದ ಜಾಗಕ್ಕೆ ತಳ್ಳಿ, "ಅಲ್ಲಿ ಯಾರೂ ಇಲ್ಲ. ಇನ್ ಸಾಕ ಮಾಡ್ರಿ" ಎಂದೆ.

"ಅದೂ ಅವನ ಬೆಟ್ಟನೇ ಅಲ್ವಾ ಅವ್ವ. ಬೆಟ್ಟದಲ್ಲಿ ಕಸ ಆಕ್ಬ್ಯಾಡಿ ಅಂತ ದಾರಿ ಉದ್ದಕ್ಕೂ ಬೋರ್ಡ್ ಅದೆ."

"ಕಸ ಬೆಟ್ಟದಾಗ ಬೀಳಬಾರದಂತನ ಬುಟ್ಟಿ ಇಟ್ಟೀನ್ರೀ" ಎಂದು ಕೂಗಿದೆ.

ಅವರು ಯೋಚಿಸಿದರು. ಮುಖ ಅರಳಿತು. "ಅಂಗಂತೀರಾ. ಅಂಗಾರೆ ಒಂದು ಸಾಲ್ದು ಅವ್ವ, ಅಮಾಸೆಗೆ ಬೆಟ್ಟಕ್ಕೆ ಬರೋ ಜನಕ್ಕೆ ಇನ್ನೂ ನಾಕೈದು ಮಡಗಿ."

೬. ಅಪ್ಪಣೆ

ಮಾದಪ್ಪ ಬಂದು ಕೂತ ಸುದ್ದಿ ಯಳಂದೂರಿಗೆ ಮುಟ್ಟಿತು. ಅಲ್ಲಿಂದ ಬರುವ ಗಿರಾಕಿಗಳು ಮುಖ ಸಪ್ಪಗೆ ಮಾಡಿಕೊಂಡು, "ನಮ್ಮ ಬಿಳಿಗಿರಿ ರಂಗಪ್ಪ ಏನ್ ಮಾಡಿದ್ನವ್ವ ನಿಮ್ಗೆ?" ಎನ್ನತೊಡಗಿದರು. ಮೇಷ್ಟ್ರಿಗೂ ಒಳಗೊಳಗೆ ಚುಚ್ಚುತ್ತಿತ್ತು ಅಂತ ಕಾಣುತ್ತದೆ. ದೇವರಿಲ್ಲದಿದ್ದರೂ ಯಳಂದೂರು ಇದೆಯಲ್ಲ. "ಎರಡೂ ಚಿತ್ರ ಹಾಕೋಣ ಅಮ್ಮ. ಸ್ವಲ್ಪ ಹೊತ್ತು ಅದು, ಸ್ವಲ್ಪ ಹೊತ್ತು ಇದು, ತಾನಾಗೇ ಬದಲಾಗುತ್ತೆ" ಎಂದರು. ಥೀಮ್ ಮುಟ್ಟಕೂಡದು ಎಂಬ ಮಾತಿನ ಮೇಲೆ ಒಪ್ಪಿದೆ.

ಹೊಸ ತಲೆನೋವು ಹೀಗೆ ಬಂತು. ಯಳಂದೂರಿನ ಹಿರಿಯರೊಬ್ಬರು ಮಗನ ಕೆಲಸದ ಅರ್ಜಿ ಟೈಪ್ ಮಾಡಿಸಲು ಬಂದರು. ಪರದೆಯ ಮೇಲೆ ಆಗ ಮಾದಪ್ಪ ಇದ್ದ. "ಹೇಳಿ, ಏನು ಹೆಸರು?" ಎಂದೆ.

"ಇರಿ ಅವ್ವ. ನಮ್ಮ ರಂಗಪ್ಪ ಬರ್ಲಿ. ಅವನ ಮಕ ನೋಡ್ಬುಟ್ಟು ಶುರು ಮಾಡ್ಸಾದು" ಎಂದು ಬೆಂಚಿನ ಮೇಲೆ ಕೂತರು.

ಅಷ್ಟರಲ್ಲಿ ಹನೂರಿನವರೊಬ್ಬರು ಬಂದು ಟೈಪ್ ಮಾಡಿಸಿದರು. ನಾನು ಹಾಳೆ ತೆರೆದ ಕೂಡಲೇ ದೇವರ ಮೇಲೆ ಪರದೆ ಎಳೆದಂತಾಯಿತು. ಆ ಕೆಲಸ ಮುಗಿಸಿ ಹಾಳೆ ಮುಚ್ಚಿದರೆ ಮತ್ತೆ ಮಾದಪ್ಪ. ಹಿರಿಯರು ಅಲ್ಲಾಡಲಿಲ್ಲ. ಇದು ರೂಢಿಯೇ ಆಯಿತು. ಬೆಂಚಿನ ತುಂಬ ಜನ, ಯಾರೂ ಟೈಪ್ ಮಾಡಿಸುವುದಿಲ್ಲ. ತಮ್ಮ ತಮ್ಮ ದೇವರ ಸರದಿಗೆ ಕಾಯುತ್ತಾರೆ. ನಾನು ಕೈ ಕಟ್ಟಿಕೊಂಡು ಕುದಿಯುತ್ತಾ ಕೂತಿರುತ್ತೇನೆ.

ನಮ್ಮ ಮೈದುನನ ಮಗ ಇದನ್ನು ನೋಡಿದ. ಜನ ಇದ್ದಾರೆ, ಕೆಲಸ ನಡೆಯುತ್ತಿಲ್ಲ, ದೊಡ್ಡಮ್ಮ ಸುಮ್ಮನೆ ಕೂತಿದ್ದಾರೆ. ಅವನು ತನಗೆ ಬೇಕಾದ ಅರ್ಥವನ್ನೇ ಮಾಡಿಕೊಂಡ. ಒಂದು ಬೆಳಗ್ಗೆ ಹನೂರಿನ ಕಡೆಯ ಬಡಗಿಯನ್ನೂ ಅವರ ಜೊತೆಗಾರನನ್ನೂ ಕರೆದುಕೊಂಡು ಬಂದ. ಕೈಯಲ್ಲಿ ಅಳತೆ ಟೇಪು.

"ದೊಡ್ಡಮ್ಮ, ನಿಮ್ಮ ಕಣ್ಣಿನ ಸ್ಥಿತಿ ನಾನು ನೋಡಕ್ಕಾಗ್ತಿಲ್ಲ. ಇವತ್ತಿಂದ ನೀವು ಮನೇಲಿ ಆರಾಮಾಗಿರಿ. ಕಂಪ್ಯೂಟರ್‌ನ ನಿಮ್ಮ ಮನೇಲಿ ಇಟ್ಟುಕೊಡ್ತೀವಿ."

"ನನ್ನ ಕಣ್ಣಿಗೆ ಏನೂ ಆಗಿಲ್ಲ."

"ಸರಿ ಸರಿ" ಎಂದು ಬಡಗಿಗೆ ಸನ್ನೆ ಮಾಡಿದ. ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕುರ್ಚಿಯ ಎರಡೂ ತೋಳು ಹಿಡಿದು ಕೂತೆ. ನಾನು ಆ ಊರು ಬಿಟ್ಟು ಈ ಊರಿಗೆ ಬಂದ ಮೇಲೆ ನನ್ನದು ಎಂದು ಇದ್ದದ್ದು ಆ ಒಂದು ಕುರ್ಚಿ.

ಬಡಗಿ ಮಾನಿಟರ್ ಎತ್ತಲು ಬಗ್ಗಿದರು. ಎದುರಿಗೆ ಮಾದಪ್ಪ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ಕೈ ಮುಗಿದರು.

"ಸಾ, ಇದ್ನ ನಾನು ಮುಟ್ಟಾಕಿಲ್ಲ."

"ಯಾಕ್ರೀ?"

"ಕುಂತಿರೋ ದೇವ್ರನ್ನ ಎಬ್ಬುಸ್ಬೇಕಾರೆ ಅ‌ಪ್ಪಣೆ ಕೇಳ್ಬೇಕು."

ಗದಗಿನ ಕಡೆಯ ನಮ್ಮ ಜನಕ್ಕೆ ಹೇಳುತ್ತೇನೆ. ಇಲ್ಲಿ ದೊಡ್ಡ ಕೆಲಸಕ್ಕೆ ಮೊದಲು ದೇವರ ಮೇಲೆ ಹೂವಿಟ್ಟು ಕೇಳುವ ಪದ್ಧತಿಯಿದೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಮಾದಪ್ಪ ನಮ್ಮ ಮೈದುನನ ಮಗನ ಮನೆದೇವರು. "ಅದು ಬರೀ ಚಿತ್ರ ಕಣ್ರೀ" ಎಂದ, ಆದರೆ ಅವನ ದನಿಯಲ್ಲಿ ಬಲವಿರಲಿಲ್ಲ. ಜೊತೆಗಾರ ಹೋಗಿ ಸೇವಂತಿಗೆ ತಂದ. ಮಾನಿಟರಿನ ನೆತ್ತಿಯ ಮೇಲೆ ಇಟ್ಟರು. ನಮ್ಮ ಮೈದುನನ ಮಗ ಬೇರೆ ದಾರಿಯಿಲ್ಲದೆ ಚಪ್ಪಲಿ ಬಿಟ್ಟು ನಿಂತು, "ಅಪ್ಪಾ, ಈ ಜಾಗದಿಂದ ಏಳ್ತೀಯಾ?" ಎಂದು ಕೇಳಿದ.

ಎಲ್ಲರೂ ಹೂವನ್ನೇ ನೋಡುತ್ತಿದ್ದರು. ಹೂವು ಅಲ್ಲಾಡಲಿಲ್ಲ. ಮಾದಪ್ಪ ಹೊರಟುಹೋದ.

ಚಿತ್ರ ಬದಲಾಗುವ ಹೊತ್ತಾಗಿತ್ತು. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ನನ್ನನ್ನು ಯಾರು ಕೇಳಿದ್ದರು? ದೇವರನ್ನು ಕೇಳಿದ್ದರು.

"ನೋಡಿದ್ರಾ? ಎದ್ದ" ಎಂದ ನಮ್ಮ ಮೈದುನನ ಮಗ. ಮುಖ ಬೆಳಗಿತು. "ಎತ್ತಿ."

ಬಡಗಿ ತಲೆ ಅಲ್ಲಾಡಿಸಿದರು. "ಎದ್ದುದ್ದು ನಿಜ ಸಾ. ಆದ್ರೆ ಓಗೋ ಮುಂಚೆ ರಂಗಪ್ಪನ್ನ ಕೂರ್ಸಿ ಓಗವ್ನೆ. ಬಸ್ಸಲ್ಲಿ ಸೀಟಿಗೆ ಟವಲ್ ಆಕ್ದಂಗೆ. ಖಾಲಿ ಮಾಡು ಅಂದಿಲ್ಲ."

"ಅದು ಕಂಪ್ಯೂಟರ್ ಕಣ್ರೀ. ತಾನಾಗೇ ಬದಲಾಗುತ್ತೆ."

"ಇಷ್ಟೊತ್ತು ಆಗ್ನಿಲ್ವಲ್ಲ ಸಾ. ನೀವು ಕೇಳ್ದಾಗ್ಲೇ ಆಯ್ತು."

ಸರಿ, ರಂಗಪ್ಪನನ್ನೂ ಕೇಳಬೇಕೆಂದು ತೀರ್ಮಾನವಾಯಿತು. ಆದರೆ ರಂಗಪ್ಪನಿಗೆ ತುಳಸಿ ಬೇಕು ಎಂದು ಬೆಂಚಿನವರು ಹಟ ಹಿಡಿದರು. ತುಳಸಿ ತರುವುದಕ್ಕೆ ಜೊತೆಗಾರ ಮತ್ತೆ ಓಡಿದ. ತಂದ, ತೊಳೆದ, ಇಟ್ಟ. ನಮ್ಮ ಮೈದುನನ ಮಗ ಕೈ ಮುಗಿದು, "ಸ್ವಾಮಿ, ನೀವಾದ್ರೂ" ಎಂದು ಬಾಯಿ ತೆರೆದ. ರಂಗಪ್ಪ ಹೋಗಿ ಮಾದಪ್ಪ ಬಂದ.

ಬಡಗಿ ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿಕೊಂಡರು.

"ಇದು ಆಗೋ ಕೆಲ್ಸ ಅಲ್ಲ ಸಾ. ಅವ್ರನ್ನ ಕೇಳುದ್ರೆ ಇವ್ರನ್ನ ಕೇಳು ಅಂತಾರೆ, ಇವ್ರನ್ನ ಕೇಳುದ್ರೆ ಅವ್ರನ್ನ ಕೇಳು ಅಂತಾರೆ. ಇಬ್ರೂ ಒಟ್ಗೆ ಸಿಕ್ದಾಗ ಕರೀರಿ, ಬತ್ತೀವಿ."

ನಮ್ಮ ಮೈದುನನ ಮಗ ಸೋಲು ಒಪ್ಪುವವನಲ್ಲ. ಮೇಷ್ಟ್ರಿಗೆ ಫೋನ್ ಮಾಡಿ, ಇಬ್ಬರು ದೇವರನ್ನೂ ಒಂದೇ ಚಿತ್ರದಲ್ಲಿ ಕೂರಿಸಲು ಆಗುತ್ತದೆಯೇ ಎಂದು ಕೇಳಿದ. ಮೇಷ್ಟ್ರ ದನಿಯಲ್ಲಿ ಉತ್ಸಾಹ ಉಕ್ಕಿತು. "ಖಂಡಿತ ಆಗುತ್ತೆ. ನನ್ನ ಹತ್ರ ಒಂದು ಹೊಸ ಥೀಮ್ ಇದೆ, ಅದನ್ನ ಹಾಕಿಬಿಟ್ರೆ ಸಲೀಸು."

"ಥೀಮ್ ಮುಟ್ಟಿದವರ ಕೈ ಮುರೀತೀನಿ" ಎಂದೆ, ಫೋನಿಗೂ ಅಂಗಡಿಗೂ ಸೇರಿಸಿ.

"ಅವ್ವ ಏಳಾದು ಸರಿ" ಎಂದರು ಬಡಗಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ದೇವ್ರು ಕುಂತಿರೋ ಪೀಠ ಬದ್ಲಾಯ್ಸಾಕೂ ಅಪ್ಪಣೆ ಬೇಕು."

ಅವರು ಹೊರಟುಹೋದರು. ನಮ್ಮ ಮೈದುನನ ಮಗ ಅಲ್ಲೇ ನಿಂತಿದ್ದ. ಒಂದು ಕೈಯಲ್ಲಿ ಸೇವಂತಿಗೆ, ಇನ್ನೊಂದರಲ್ಲಿ ತುಳಸಿ. ನಾನು ಹಳದಿ ಹಾಳೆ ತೆರೆದು ಹನೂರಿನವರೊಬ್ಬರ ಅರ್ಜಿ ಶುರು ಮಾಡಿದೆ. ದೇವರಿಬ್ಬರೂ ಮರೆಯಾದರು. ಅವನು ಮೆಲ್ಲಗೆ ಮುಂದೆ ಬಂದು, "ದೊಡ್ಡಮ್ಮ, ಅದನ್ನ ಒಂದ್ನಿಮಿಷ ಮುಚ್ತೀರಾ? ಇನ್ನೊಂದ್ಸಲ ಕೇಳಿ ನೋಡ್ತೀನಿ" ಎಂದ.

ನಾನು ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಯಳಂದೂರಿನ ಹಿರಿಯರು ಅವನ ಶರಟು ಹಿಡಿದು ಎಳೆದರು.

"ಸಾಲಲ್ಲಿ ಬನ್ನಿ ಸಾ. ನಾನು ರಂಗಪ್ಪಂಗೆ ಅಂತ ಬೆಳಿಗ್ಗಿಂದ ಕುಂತಿವ್ನಿ."